ಕರುಳಿನ ಹಾರ್ಮೋನಿಗೂ ರಕ್ತದ ಸಕ್ಕರೆಗೂ ಏನು ಸಂಬಂಧ?

ಪ್ರಶ್ನೆ (ಸಕಲೇಶಪುರದಿಂದ): ಡಾಕ್ಟರಿಗೆ ನಮಸ್ಕಾರ. ನಮ್ಮ ತಂದೆಯವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆಗೆ ಹಾಸನದಲ್ಲಿ ಈಗ ಸಿಟಾಗ್ಲಿಪ್ಟಿನ್ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಅದು ಕರುಳಿನ ಹಾರ್ಮೋನನ್ನು ಉಳಿಸುತ್ತದೆಯಂತೆ. ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯಲ್ಲಲ್ಲವೇ? ಕರುಳಿಗೆ ಅಲ್ಲೇನು ಕೆಲಸ?

ಉತ್ತರ: ತಯಾರಾಗುವುದು ಅಲ್ಲೇ, ನಿಜ. ಆದರೆ ಊಟ ಬಂದಿದೆ ಎಂಬ ಸುದ್ದಿಯನ್ನು ಆ ಗ್ರಂಥಿಗೆ ಮುಟ್ಟಿಸುವುದರಲ್ಲಿ ಕರುಳಿನ ಪಾಲು ದೊಡ್ಡದು. ರಕ್ತದ ಸಕ್ಕರೆ ಒಂದೇ ಮಟ್ಟಕ್ಕೆ ಏರಿದರೂ, ಗ್ಲೂಕೋಸನ್ನು ನರಕ್ಕೆ ಕೊಟ್ಟಾಗ ಬರುವುದಕ್ಕಿಂತ ಬಾಯಿಂದ ಕುಡಿಸಿದಾಗ ಬಹಳ ಹೆಚ್ಚು ಇನ್ಸುಲಿನ್ ಬರುತ್ತದೆ ಎಂಬುದನ್ನು 1964ರಲ್ಲೇ ಪ್ರಯೋಗಗಳು ತೋರಿಸಿದ್ದವು. ಇದಕ್ಕೆ ಕಾರಣ, ಸಣ್ಣ ಕರುಳಿನ ಮೇಲ್ಭಾಗದಿಂದ ಹೊರಡುವ ಜಿಐಪಿ ಮತ್ತು ಮುಖ್ಯವಾಗಿ ಕೆಳಭಾಗದಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನುಗಳು.

ಜಿಎಲ್‌ಪಿ-1 ಇನ್ಸುಲಿನನ್ನು ಹೆಚ್ಚಿಸುವುದಲ್ಲದೆ, ಯಕೃತ್ತಿನಿಂದ ಸಕ್ಕರೆ ಹೊರಬರುವಂತೆ ಮಾಡುವ ಗ್ಲುಕಗಾನನ್ನು ತಗ್ಗಿಸುತ್ತದೆ, ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. ನನಗೆ ಬಹಳ ಮೆಚ್ಚುಗೆಯಾಗುವುದು ಇದರ ಇನ್ನೊಂದು ಗುಣ: ಸಕ್ಕರೆ ಏರಿದಾಗ ಮಾತ್ರ ಇದು ಇನ್ಸುಲಿನನ್ನು ಪ್ರಚೋದಿಸುತ್ತದೆ, ಇಳಿದಾಗ ಸುಮ್ಮನಾಗುತ್ತದೆ. ಆದರೆ ಡಿಪಿಪಿ-4 ಎಂಬ ಕಿಣ್ವ ಇದನ್ನು ಒಂದೆರಡು ನಿಮಿಷಗಳಲ್ಲೇ ಒಡೆದುಹಾಕುತ್ತದೆ. ನಿಮ್ಮ ತಂದೆಯವರ ಹೊಸ ಮಾತ್ರೆ ತಡೆಯುವುದು ಆ ಕಿಣ್ವವನ್ನು.

ಪ್ರಶ್ನೆ: ಅವರು ತಟ್ಟೆಗೆ ಬಿಸಿ ಮುದ್ದೆ ಬಿದ್ದ ಕೂಡಲೇ ಶುರುಮಾಡಿ, ಪಲ್ಯ, ಕಾಳುಗಳನ್ನು ಕೊನೆಗೆ ತಿನ್ನುತ್ತಾರೆ. ಈ ಕ್ರಮ ಬದಲಿಸಬೇಕೇ?

ಉತ್ತರ: ಖಂಡಿತ ಬದಲಿಸಿ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದರೆ ಜಿಎಲ್‌ಪಿ-1 ಹೆಚ್ಚುತ್ತದೆ, ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಾರಿನ ತಳದಲ್ಲಿರುವ ಅವರೆಕಾಳನ್ನು ಸೌಟಿನಲ್ಲಿ ಬಗೆದು, ಪಲ್ಯದೊಡನೆ ಮೊದಲು ಬಡಿಸಿ. ಮುದ್ದೆ ಆರಿದರೆ ಅವರು ಒಪ್ಪಲಿಕ್ಕಿಲ್ಲ, ಆದ್ದರಿಂದ ಅವರು ಕಾಳು ತಿಂದು ಮುಗಿಸುವ ಹೊತ್ತಿಗೆ ಕಟ್ಟಿದರಾಯಿತು. ಗಾತ್ರ ಮಾತ್ರ ಮೊದಲಿಗಿಂತ ಚಿಕ್ಕದಿರಲಿ.

ಒಂದು ಎಚ್ಚರಿಕೆ ಇದೆ. ಸಿಟಾಗ್ಲಿಪ್ಟಿನ್ ಒಂದರಿಂದಲೇ ಸಕ್ಕರೆ ತೀರಾ ಇಳಿಯುವುದು ಅಪರೂಪವಾದರೂ, ಗ್ಲಿಮೆಪಿರೈಡ್ ಜೊತೆಗಿದ್ದಾಗ ಆ ಅಪಾಯವಿದೆ. ಅವರು ಬೆವರಿದರೆ ಅಥವಾ ಕೈ ನಡುಗಿದರೆ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಗ್ಲುಕೋಮೀಟರಿನಲ್ಲಿ ನೋಡಿ, ಮಾತ್ರೆ ಬರೆದ ವೈದ್ಯರಿಗೆ ತಿಳಿಸಿ. ಮೂತ್ರಪಿಂಡದ ಶಕ್ತಿಗೆ ತಕ್ಕಂತೆ ಸಿಟಾಗ್ಲಿಪ್ಟಿನ್ ಪ್ರಮಾಣವನ್ನು ಬದಲಿಸಬೇಕಾಗುವುದರಿಂದ, ಇತ್ತೀಚೆಗೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.