ಅಪ್‌ಡೇಟ್: ವ್ಯಾನ್ ತಗೊಂಡು ಪನ್ಹಾಳಗಡಕ್ಕೆ ಹೋಗಿ ಬಂದೆವು

ಅವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಬೆಳಗಾವಿಯಿಂದ ಕೊಲ್ಹಾಪುರದ ಹತ್ತಿರದ ಬೆಟ್ಟದ ಕೋಟೆ ಪನ್ಹಾಳಕ್ಕೆ ಬಾಡಿಗೆ ಕ್ಯಾಂಪರ್ ವ್ಯಾನ್‌ನಲ್ಲಿ (ಒಳಗೇ ಮಲಗಬಹುದಾದ ಗಾಡಿ) ಹೋಗಬಹುದಾ, ರಾತ್ರಿ ಎಲ್ಲಿ ನಿಲ್ಲಿಸಬೇಕು ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಹೋಗಿ ಬಂದೆವು.

"ರಸ್ತೆ ಬದಿ ಮಲಗಬೇಡಿ, ಲಾಡ್ಜ್ ಅಂಗಳ ಕೇಳಿ ನೋಡಿ" ಅಂದಿದ್ದಿರಿ. ಅದೇ ಸರಿಹೋಯಿತು. ಊಟ ಅಲ್ಲೇ ಮಾಡಿದ್ದಕ್ಕೆ ಜಾಗ, ಶೌಚಾಲಯ, ಚಾರ್ಜಿಂಗ್ ಎಲ್ಲ ಸಿಕ್ಕಿತು. ಆದರೆ ಕೊಲ್ಹಾಪುರದಲ್ಲಿ ನೀರಿನ ಟ್ಯಾಂಕ್ ಪೂರ್ತಿ ತುಂಬಿಸಬಾರದಿತ್ತು. ಭಾರಕ್ಕೆ ಏರಿನಲ್ಲಿ ಎಂಜಿನ್ ಕಾದು, ಅರ್ಧ ತಾಸು ನಿಂತೆವು. ಅರ್ಧ ಟ್ಯಾಂಕ್ ಸಾಕು. ಇಳಿಯುವಾಗ ಸಣ್ಣ ಗೇರ್‌ನಲ್ಲೇ ಬನ್ನಿ, ಸುಮ್ನೆ ಬ್ರೇಕ್ ತುಳಿಯುತ್ತಾ ಇರಬೇಡಿ.

ಬೆಳಿಗ್ಗೆ ಮಂಜಿನಲ್ಲಿ ಕೋಟೆಯ ಧಾನ್ಯದ ಉಗ್ರಾಣ ಅಂಬರಖಾನಾ ನೋಡಿದೆವು. ಗಂಗಾ, ಯಮುನಾ, ಸರಸ್ವತಿ ಅಂತ ಮೂರು ದೊಡ್ಡ ಕಣಜ. ಅವ್ವ ಒಳಗೆ ನಿಂತು ತವರುಮನೆಯ ಹಗೇವು (ಕಾಳು ತುಂಬಿಡುವ ನೆಲದ ಗುಂಡಿ) ನೆನೆಸಿಕೊಂಡಳು. ಆಮೇಲೆ ಹೊರಡಲು ಮನಸ್ಸೇ ಮಾಡಲಿಲ್ಲ. ಕೋಟೆಯ ಹೆಬ್ಬಾಗಿಲು ತೀನ್ ದರ್ವಾಜಾದಲ್ಲಿ ಮಗಳಿಗೆ 1660ರ ಕಥೆ ಹೇಳಿದೆ: ಬಿಜಾಪುರದ ಆದಿಲಶಾಹಿ ಸೇನಾಪತಿ ಸಿದ್ದಿ ಜೌಹರನ ಮುತ್ತಿಗೆ, ಶಿವಾಜಿ ಮಳೆಯ ರಾತ್ರಿ ಇನ್ನೊಂದು ಕೋಟೆ ವಿಶಾಲಗಡಕ್ಕೆ ಪಾರಾದದ್ದು. ಆ ದಾರಿ ಎಲ್ಲಿದೆ ಅಂತ ಅವಳು ದಿನವಿಡೀ ಕೇಳಿದಳು.

ಮೇಲೆ ರಾತ್ರಿ ಗಾಳಿ ಜಾಸ್ತಿ. ವಯಸ್ಸಾದವರಿದ್ದರೆ ಒಂದು ಕಂಬಳಿ ಹೆಚ್ಚಿಗೆ ಇಟ್ಟುಕೊಳ್ಳಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನಕ್ಕೂ ಬಂತು.