ಪದಚರ್ಚೆ: ರಾಟನ್ ಬರೋ, ಪಾಕೆಟ್ ಬರೋ, ಪಾಟ್‌ವಾಲಪರ್ – ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಇಂಗ್ಲೆಂಡಿನ ಕಾರ್ನ್‌ವಾಲ್ ಕೌಂಟಿಯ ಚುನಾವಣಾ ಚರಿತ್ರೆ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಇತ್ತೀಚಿನ ಭಾಗಕ್ಕೆ ಪದಗಳ ತೊಂದರೆಯಿಲ್ಲ. 2005ರಲ್ಲಿ ಐದಕ್ಕೆ ಐದೂ ಸಂಸತ್ ಕ್ಷೇತ್ರಗಳು ಲಿಬರಲ್ ಡೆಮಾಕ್ರಾಟ್ ಪಕ್ಷದ ಪಾಲು. 2010ರಿಂದ ಕ್ಷೇತ್ರಗಳು ಆರಾದವು. 2015ರಲ್ಲಿ ಆ ಆರೂ ಕನ್ಸರ್ವೇಟಿವರಿಗೆ. 2024ರಲ್ಲಿ ಲೇಬರ್ ನಾಲ್ಕು, ಲಿಬರಲ್ ಡೆಮಾಕ್ರಾಟ್ ಎರಡು, ಕನ್ಸರ್ವೇಟಿವ್ ಸೊನ್ನೆ. ಭದ್ರಕೋಟೆ, ಅಂತರ, ಠೇವಣಿ ಎಂದು ನಮ್ಮ ಪತ್ರಿಕೆಗಳ ಭಾಷೆಯಲ್ಲೇ ಬರೆದುಕೊಂಡು ಹೋಗಬಹುದು. ಕೌಂಟಿಯನ್ನು ಕೌಂಟಿ ಎಂದೇ ಬಿಟ್ಟಿದ್ದೇನೆ. ಕ್ರಿಕೆಟ್ ದಯೆಯಿಂದ ಆ ಪದ ಗೊತ್ತಿಲ್ಲದವರಿಲ್ಲ. ಕೈ ಕಟ್ಟುವುದು ಸಂಸತ್ತಿನ ಸ್ಥಾನಗಳನ್ನು ಹೊಸದಾಗಿ ಹಂಚಿದ 1832ರ ಸುಧಾರಣಾ ಕಾಯ್ದೆಗಿಂತ ಹಿಂದಕ್ಕೆ ಹೋದಾಗ.

ಬರೋ ಎಂದರೆ ಸಂಸತ್ತಿಗೆ ಸದಸ್ಯರನ್ನು ಕಳಿಸುವ ಹಕ್ಕು ಪಡೆದ ಊರು. ಮತದಾರರು ತೀರಾ ಕಡಿಮೆಯಾದರೂ ಆ ಹಕ್ಕು ಉಳಿಸಿಕೊಂಡಿದ್ದ ಊರು ರಾಟನ್ ಬರೋ. ಅದನ್ನು ‘ಕೊಳೆತ ಕ್ಷೇತ್ರ’ ಎಂದು ಬರೆದವರಿದ್ದಾರೆ. ‘ಕೊಳೆತ’ಕ್ಕಿಂತ ನನ್ನ ತಕರಾರು ‘ಕ್ಷೇತ್ರ’ದ ಮೇಲೆ. ಕ್ಷೇತ್ರ ಎಂದೊಡನೆ ನಮಗೆ ಹೊಳೆಯುವುದು ಗಡಿ ಗೆರೆ, ಜನಸಂಖ್ಯೆ, ಪುನರ್ವಿಂಗಡಣೆ. ಬರೋ ಹಾಗಲ್ಲ. ಇಂಥ ಊರು ಇಬ್ಬರನ್ನು ಕಳಿಸಬೇಕು ಎಂದು ಅರಸರ ಕಾಲದಲ್ಲಿ ಒಮ್ಮೆ ಗೊತ್ತಾಯಿತೆಂದರೆ ಮುಗಿಯಿತು. ಊರು ಬೆಳೆಯಲಿ, ಬಡವಾಗಲಿ, ಇಬ್ಬರು ಇಬ್ಬರೇ. ಹಕ್ಕು ಊರಿನದು, ತಲೆಗಳದ್ದಲ್ಲ. ಕಾರ್ನ್‌ವಾಲಿನಲ್ಲಿ ಮೊದಲಿನಿಂದ ಇದ್ದ ಬರೋಗಳು ಆರು. 16ನೆಯ ಶತಮಾನದಲ್ಲಿ ಟ್ಯೂಡರ್ ದೊರೆಗಳು ಇನ್ನೂ ಹದಿನೈದು ಸೇರಿಸಿದರು. ಇಪ್ಪತ್ತೊಂದು ಊರುಗಳಿಂದ 42 ಜನ, ಇಡೀ ಕೌಂಟಿಯ ಹೆಸರಿನಲ್ಲಿ ಇಬ್ಬರು, ಒಟ್ಟು 44. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದಾಗ ಇಡೀ ಸ್ಕಾಟ್ಲೆಂಡಿಗೆ ಸಿಕ್ಕಿದ್ದು 45! ಮ್ಯಾಂಚೆಸ್ಟರಿಗೆ ಒಂದೂ ಇಲ್ಲ. ಇಂಥದ್ದನ್ನು ‘ಕ್ಷೇತ್ರ’ ಎಂದು ಕರೆದರೆ ಓದುಗನಿಗೆ ಮೊದಲ ಸಾಲಿನಲ್ಲೇ ದಾರಿ ತಪ್ಪಿಸಿದಂತೆ. ಆದ್ದರಿಂದ 1832ಕ್ಕೆ ಮೊದಲಿನದಕ್ಕೆ ‘ಊರು’ ಅಥವಾ ‘ಬರೋ’, ಆಮೇಲಿನದಕ್ಕೆ ‘ಕ್ಷೇತ್ರ’ ಎಂದು ಇಟ್ಟುಕೊಂಡಿದ್ದೇನೆ. 1832ರ ಮರುದಿನವೇ ಎಲ್ಲವೂ ತಲೆಲೆಕ್ಕಕ್ಕೆ ಬಂದುಬಿಡಲಿಲ್ಲ ಎಂಬುದು ನಿಜ, ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ.

ಈಗ ‘ರಾಟನ್’. ನನಗೆ ಹೊಳೆದದ್ದು ‘ಹಾಳೂರು’. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಈ ವ್ಯವಸ್ಥೆಗೆಂದೇ ಹುಟ್ಟಿದಂತಿದೆ. ನಮ್ಮ ಕಂದಾಯ ಇಲಾಖೆಯ ‘ಬೇಚರಾಕ್ ಗ್ರಾಮ’ವನ್ನೂ ಯೋಚಿಸಿದೆ. ದೀಪ ಹಚ್ಚುವವರಿಲ್ಲದ, ದಾಖಲೆಯಲ್ಲಿ ಮಾತ್ರ ಉಳಿದ ಊರು. ವಿಲ್ಟ್‌ಶೈರ್ ಕೌಂಟಿಯ ಓಲ್ಡ್ ಸೇರಮ್‌ಗೆ ಅದು ಅಚ್ಚುಕಟ್ಟಾಗಿ ಹೊಂದುತ್ತದೆ. ಅದು ಜನವಸತಿ ಅಳಿದ ಬೋಳು ಗುಡ್ಡ, ಆದರೂ 1832ರವರೆಗೆ ಇಬ್ಬರು ಸದಸ್ಯರು. ಕಾರ್ನ್‌ವಾಲಿನ ಊರುಗಳಲ್ಲಿ ಜನ ಇದ್ದರು, ಕಡಿಮೆ ಇದ್ದರು ಅಷ್ಟೆ. ಹಾಗಾಗಿ ಬೇಚರಾಕ್ ಇಲ್ಲಿ ಸಲ್ಲದು.

ಮಿಚೆಲ್ ಎಂಬ ಹಳ್ಳಿಯನ್ನೇ ನೋಡಿ. ಹೆದ್ದಾರಿ ಪಕ್ಕದ ನಾಲ್ಕು ಮನೆಗಳ ಹಳ್ಳಿ. ಕೊನೆಕೊನೆಗೆ ಮತದಾರರು ಬೆರಳೆಣಿಕೆಯಷ್ಟು. 1754ರಲ್ಲಿ ಇಲ್ಲಿಂದ ಗೆದ್ದು ಬಂದವನು ರಾಬರ್ಟ್ ಕ್ಲೈವ್. ಎದುರಾಳಿಗಳು ತಕರಾರು ಅರ್ಜಿ ಹಾಕಿದರು. ಆಗ ಅಂಥ ಅರ್ಜಿ ತೀರ್ಮಾನಿಸುತ್ತಿದ್ದುದು ಕೋರ್ಟಲ್ಲ, ಸದನವೇ. 1755ರಲ್ಲಿ ಅವನ ಆಯ್ಕೆ ಅಸಿಂಧುವಾಯಿತು, ಅದೇ ವರ್ಷ ಅವನು ಮತ್ತೆ ಇಂಡಿಯಾಕ್ಕೆ ಹಡಗು ಹತ್ತಿದ. ಎರಡು ವರ್ಷಕ್ಕೆ ಪ್ಲಾಸಿ. ಇನ್ನೊಬ್ಬ ನಮಗೆ ಇನ್ನೂ ಹತ್ತಿರದವನು: 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿ. ಇಂಗ್ಲೆಂಡಿಗೆ ಮರಳಿದ ಮೇಲೆ 1807ರಲ್ಲಿ ಕೆಲಕಾಲ ಮಿಚೆಲ್‌ನ ಸದಸ್ಯನಾಗಿದ್ದ. ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ, ಪ್ರಧಾನಿಯಾಗಿ, ‘ಈಗಿರುವ ಪ್ರಾತಿನಿಧ್ಯ ವ್ಯವಸ್ಥೆ ಚೆನ್ನಾಗಿಯೇ ಇದೆ, ಸುಧಾರಣೆ ಬೇಡ’ ಎಂಬರ್ಥದ ಮಾತನ್ನು 1830ರ ನವೆಂಬರ್‌ನಲ್ಲಿ ಆಡಿ, ಅದೇ ತಿಂಗಳು ಸರ್ಕಾರ ಕಳೆದುಕೊಂಡ. ಬೇಡ ಅನ್ನದೆ ಇನ್ನೇನು!

ಪಾಕೆಟ್ ಬರೋಗೆ ‘ಉಂಬಳಿ’ ಸೂಚಿಸಿದರು ಒಬ್ಬ ಗೆಳೆಯರು. ಸೊಗಸಾದ ಪದ, ಆದರೆ ಉಂಬಳಿ ಅರಸ ಸೇವೆಗೆ ಕೊಡುವಂಥದ್ದು. ಇಲ್ಲಿ ಮನೆ, ಹೊಲ, ಗೇಣಿ ಎಲ್ಲ ಒಬ್ಬ ಜಮೀನ್ದಾರನ ಕೈಲಿ, ಒಕ್ಕಲುಗಳ ಓಟು ಅವನು ತೋರಿಸಿದವರಿಗೆ. ‘ಧಣಿಯ ಊರು’ ಎಂದರೆ ಕರಾವಳಿಯವರಿಗೂ ಮಲೆನಾಡಿನವರಿಗೂ ವಿವರಣೆಯೇ ಬೇಡ. ‘ಕಿಸೆ ಊರು’ ಎಂಬುದು ಪದಕ್ಕೆ ಪದ ಇಟ್ಟಂತೆ, ನನಗೆ ರುಚಿಸಲಿಲ್ಲ.

ಗ್ರಾಂಪೌಂಡ್ ಎಂಬ ಊರಿನದು ಬೇರೆ ಕತೆ. ಅಲ್ಲಿ ಓಟು ಬಿಕರಿಗಿತ್ತು. ಮನಾಸೆ ಲೋಪೆಸ್ ಎಂಬ ಶ್ರೀಮಂತನಿಗೆ ಅಲ್ಲಿ ಲಂಚ ಕೊಟ್ಟದ್ದಕ್ಕೆ 1819ರಲ್ಲಿ 10,000 ಪೌಂಡ್ ದಂಡ, ಎರಡು ವರ್ಷ ಸಜೆ. 1821ರಲ್ಲಿ ಊರಿನ ಹಕ್ಕನ್ನೇ ಕಿತ್ತು, ಎರಡು ಸ್ಥಾನವನ್ನು ಯಾರ್ಕ್‌ಶೈರಿಗೆ ಕೊಟ್ಟರು. ‘ಓಟಿಗೆ ನೋಟು’ ಅಂದರೆ ಸಾಕು, ಹೊಸ ಪದ ಹುಡುಕಬೇಕಿಲ್ಲ.

ಪಾಟ್‌ವಾಲಪರ್ ಎಂಬುದು ನನಗೆ ಬಹಳ ಇಷ್ಟವಾದ ಪದ. ಟ್ರೆಗೊನಿ ಮುಂತಾದ ಕೆಲವು ಊರುಗಳಲ್ಲಿ ಸ್ವಂತ ಒಲೆಯ ಮೇಲೆ ಸ್ವಂತ ಗಡಿಗೆ ಬೇಯಿಸಿಕೊಳ್ಳುವವನಿಗೆ ಓಟು; ಇನ್ನೊಬ್ಬರ ಮನೆಯಲ್ಲಿ ಉಣ್ಣುವವನಿಗೆ ಇಲ್ಲ. ನಮ್ಮಲ್ಲೂ ಮನೆ ಪಾಲಾದರೆ ‘ಬೇರೆ ಒಲೆ ಹೂಡಿದರು’ ಎನ್ನುತ್ತೇವಲ್ಲ, ಅದೇ ಅಳತೆ. ‘ಒಲೆಯೊಕ್ಕಲು’ ಎಂದು ಕಟ್ಟಿದ್ದೇನೆ. ತಮಗೆ ಕೃತಕ ಅನಿಸಿದರೆ ದಯವಿಟ್ಟು ಹೇಳಿ.

ಕೊನೆಯ ಎರಡು ಪದಗಳಿಗೆ ನನ್ನಲ್ಲಿ ಉತ್ತರವೇ ಇಲ್ಲ. 1872ರಲ್ಲಿ ಗುಪ್ತ ಮತದಾನ ಬರುವವರೆಗೆ ಮತದಾರ ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು, ಗುಮಾಸ್ತ ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ಹಾಕಿದರು ಎಂಬ ಆ ಪುಸ್ತಕ, ಪೋಲ್ ಬುಕ್, ಎಷ್ಟೋ ಕಡೆ ಅಚ್ಚಾಗಿ ಮಾರಾಟಕ್ಕೂ ಬರುತ್ತಿತ್ತು. ‘ಮತದಾರರ ಪಟ್ಟಿ’ ಎಂದರೆ ಅರ್ಹರ ಪಟ್ಟಿ, ಇದಲ್ಲ. ‘ಮತ ಖಾತೆ’ ಆದೀತೆ?

ಇನ್ನೊಂದು ಪ್ಲಂಪರ್. ಎರಡು ಸ್ಥಾನದ ಊರಲ್ಲಿ ಒಬ್ಬೊಬ್ಬನಿಗೂ ಎರಡು ಓಟು. ಆದರೆ ತನ್ನವನಿಗೆ ಅನುಕೂಲವಾಗಲೆಂದು ಒಂದನ್ನೇ ಹಾಕಿ ಇನ್ನೊಂದನ್ನು ಕೈಬಿಟ್ಟರೆ ಅದು ಪ್ಲಂಪರ್. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಒಂದೇ ವಾರ್ಡಿಗೆ ಎರಡು ಮೂರು ಸ್ಥಾನಗಳಿರುವ ಕಡೆ ಇದೇ ಲೆಕ್ಕಾಚಾರ ನಡೆಯುತ್ತದೆ. ಹಾಗೆ ಒಂದೇ ಓಟು ಹಾಕಿ ಬರುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಏನನ್ನುತ್ತಾರೆ? ಯಾವ ತಾಲ್ಲೂಕಿನ ಮಾತು ಎಂಬುದನ್ನೂ ಜೊತೆಗೆ ತಿಳಿಸಿದರೆ ಉಪಕಾರ.