ಗೋಕರ್ಣ–ಕುಮಟಾ ಕಡಲಂಚಿನ ನಡಿಗೆ: ನಾಲ್ಕು ದಿನಗಳಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹೊಂದಿಸಿಕೊಂಡಿದ್ದೇನೆ. ಹದಿನಾಲ್ಕು ವರ್ಷದ ಮಗನ ಜೊತೆ ಕಡಲಂಚಿನ ಗುಡ್ಡಗಳ ಮೇಲೆ ಗೋಕರ್ಣದಿಂದ ಕುಮಟಾದವರೆಗೆ ನಡೆಯಬೇಕೆಂಬುದು ಬಹಳ ದಿನಗಳ ಆಸೆ. ನಮ್ಮ ತಾಯಿಯವರೂ ಬರುತ್ತಾರೆ. ಮೊಣಕಾಲು ನೋವಿರುವುದರಿಂದ ಅವರು ಗುಡ್ಡ ಹತ್ತಲಾರರು, ಮಹಾಬಲೇಶ್ವರನ ದರ್ಶನವಾದರೆ ಸಾಕು ಎನ್ನುತ್ತಾರೆ. ಸೇಂಟ್ ಮೇರೀಸ್ ದ್ವೀಪ, ಮರವಂತೆ, ಮುರುಡೇಶ್ವರ, ನೇತ್ರಾಣಿ, ಯಾಣ, ಕಾರವಾರ ಎಲ್ಲವೂ ನನ್ನ ಪಟ್ಟಿಯಲ್ಲಿವೆ. ಇಷ್ಟನ್ನೂ ಕಾರಿನಲ್ಲಿ ಮುಗಿಸಲು ಸಾಧ್ಯವೇ? ಈಜು ಬಾರದ ಮಗನನ್ನು ನೀರಿಗೆ ಬಿಡಬಹುದೇ?

ಉತ್ತರ (ರಾಜಾಜಿನಗರ, ಹುಟ್ಟೂರು ಕುಮಟಾ ತಾಲ್ಲೂಕು)

ನಿಮ್ಮ ಪಟ್ಟಿಯನ್ನು ಮುಗಿಸಬಹುದು, ಆದರೆ ಕಡಲನ್ನು ಹೆಚ್ಚಾಗಿ ಕಾರಿನ ಕಿಟಕಿಯಿಂದಲೇ ನೋಡಿ ಬಂದಂತಾಗುತ್ತದೆ. ನಡಿಗೆಯೇ ಮುಖ್ಯವಾದರೆ ಗೋಕರ್ಣದಲ್ಲೇ ಬಿಡಾರ ಹೂಡಿ, ನಡಿಗೆಯನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ಒಂದು ಬದಲಾವಣೆ ಸೂಚಿಸುತ್ತೇನೆ. ಎಲ್ಲರೂ ಗೋಕರ್ಣದಿಂದ ದಕ್ಷಿಣಕ್ಕೆ ನಡೆಯುತ್ತಾರೆ. ನೀವು ಕುಮಟಾದಿಂದ ಉತ್ತರಕ್ಕೆ ಬನ್ನಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಸಂಜೆಯ ಹೊತ್ತಿಗೆ ತಾಯಿಯವರು ಇರುವಲ್ಲಿಗೇ ಮರಳುತ್ತೀರಿ. ಮೊದಲ ದಿನ ಬೆಳಗಿನ ಬಸ್ಸಿನಲ್ಲಿ ಕುಮಟಾಕ್ಕೆ ಹೋಗಿ, ಅಲ್ಲಿಂದ ಕಡ್ಲೆ, ಬಾಡ, ಕಾಗಾಲದ ಕಡೆಯಿಂದ ಅಘನಾಶಿನಿ ಗ್ರಾಮಕ್ಕೆ ನಡೆದು, ಬಾರ್ಜಿನಲ್ಲಿ ಹೊಳೆ ದಾಟಿ ತದಡಿ ಸೇರಿ, ಬಸ್ಸೋ ಆಟೋವೋ ಹಿಡಿದು ಗೋಕರ್ಣಕ್ಕೆ ಬಂದುಬಿಡಿ. ಮರುದಿನ ಬೇಲೆಕಾನಿನಿಂದ ಹೊರಟು ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳನ್ನು ದಾಟಿದರೆ ಕೊನೆಗೆ ರಾಮತೀರ್ಥದ ಗುಡ್ಡ ಇಳಿದು ಊರು ಸೇರುತ್ತೀರಿ.

ಹಾದಿ ಎತ್ತರವಲ್ಲ, ಆದರೆ ಮೋಸದ್ದು. ಗುಡ್ಡದ ನೆತ್ತಿಯೆಲ್ಲ ಚಿರೇಕಲ್ಲು. ಅದು ಪುಡಿಯಾಗಿ ಉದುರಿದ ಕೆಂಪು ಹರಳುಗಳು ಇಳಿಜಾರಿನಲ್ಲಿ ಗೋಲಿಗಳಂತೆ ಕಾಲಡಿಯಿಂದ ಜಾರುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಇನ್ನು ಉಬ್ಬರವಿಳಿತದ ಲೆಕ್ಕ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಆರು ತಾಸಿಗಿಂತ ತುಸು ಹೆಚ್ಚು ಅಂತರವಿರುತ್ತದೆ, ಪ್ರತಿದಿನವೂ ಆ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರುತ್ತದೆ. ಇದೆಲ್ಲ ಗೊತ್ತಿದ್ದೂ ನಾನೊಮ್ಮೆ ಹುಣ್ಣಿಮೆಯ ಮರುದಿನವೇ ಹೊರಟಿದ್ದೆ. ಬೆಳಿಗ್ಗೆ ಒಣಗಿದ್ದ ಬಂಡೆಗಳ ಮೂಲೆಯನ್ನು ಸುತ್ತಿ ಬರುವಷ್ಟರಲ್ಲಿ ಅಲೆ ಸೊಂಟದೆತ್ತರಕ್ಕೆ ಬಡಿಯುತ್ತಿತ್ತು, ಎರಡು ತಾಸು ಬಂಡೆಯ ಮೇಲೆ ಬಿಸ್ಕತ್ತು ತಿನ್ನುತ್ತ ಕುಳಿತಿದ್ದೆ. ಪಂಚಾಂಗ ನೋಡಿ ಅಷ್ಟಮಿ, ನವಮಿಯ ಸುತ್ತಿನ ದಿನ ಆರಿಸಿಕೊಳ್ಳಿ.

ಹೊಳೆ ದಾಟುವಾಗ ಅವಸರಪಡಬೇಡಿ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಕಡಲು ಸೇರುವ ನದಿ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಊರಿನವರು ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಲ್ಲಿ ಕೆಸರು ತಡಕಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದನ್ನು ಮಗನಿಗೆ ತೋರಿಸಿ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.

ಉತ್ತರ (ಮಲ್ಲೇಶ್ವರದಿಂದ)

ಮೇಲಿನ ಸಲಹೆಯನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಸೇಂಟ್ ಮೇರೀಸ್ ದ್ವೀಪವನ್ನು ಇಷ್ಟು ಸುಲಭವಾಗಿ ಕೈಬಿಡಬಾರದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲಕ್ಕೆ ಉಕ್ಕಿದ ಲಾವಾ ತಣಿಯುತ್ತ, ಕುಗ್ಗುತ್ತ ಸೀಳಿ ನಿಂತ ಕಲ್ಲಿನ ಕಂಬಗಳು ಅಲ್ಲಿವೆ. ಒಂದೊಂದು ಕಂಬದ ಮುಖವನ್ನೂ ಎಣಿಸಿದರೆ ಐದೋ ಆರೋ ಸಿಗುತ್ತವೆ; ಭೂಗೋಳದ ಪಾಠವನ್ನು ಬೈಯುವ ವಯಸ್ಸಿನ ನನ್ನ ಮಗಳು ಅಲ್ಲಿ ಒಂದು ಗಂಟೆ ಎಣಿಸುತ್ತಲೇ ಇದ್ದಳು. ಆದರೂ ಅದಕ್ಕೆ, ದ್ವೀಪದ ದೋಣಿ ಹೊರಡುವ ಮಲ್ಪೆಯಲ್ಲಿ ಒಂದು ಪೂರ್ತಿ ದಿನ ಬೇಕಾಗುವುದರಿಂದ, ಬೇಕಿದ್ದರೆ ನಡಿಗೆಯ ಒಂದು ದಿನವನ್ನು ಬಿಡಬೇಕಾಗುತ್ತದೆ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ಊರು ಸುಮಾರು ಹತ್ತು ಕಿಲೋಮೀಟರು. ತಾಯಿಯವರ ಮೊಣಕಾಲಿನ ದೃಷ್ಟಿಯಿಂದ ಕಾರಿಗಿಂತ ಇದೇ ಮೇಲು. ರಜೆಯ ದಿನಗಳಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ, ಇಂದೇ ನೋಡಿ.

ಈಜಿನ ಬಗ್ಗೆ: ಮೊಣಕಾಲುದ್ದದ ನೀರಿನಾಚೆಗೆ ಬಿಡಬೇಡಿ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಮೋಸಹೋಗಬೇಡಿ. ದಡಕ್ಕೆ ಬಂದ ನೀರು ವಾಪಸು ಕಡಲಿಗೆ ಎಳೆದುಕೊಂಡು ಹೋಗುವುದು ಅಲ್ಲಿಯೇ. ಸಿಕ್ಕಿಕೊಂಡವರು ನೇರವಾಗಿ ದಡದತ್ತ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿದರೆ ಆ ಎಳೆತದಿಂದ ಹೊರಬರಬಹುದು. ಓಂ ಮತ್ತು ಕುಡ್ಲೆಯಲ್ಲಿ ಜೀವರಕ್ಷಕರು ಇದ್ದರೆ ಅವರ ಮಾತನ್ನು ಮೀರಬೇಡಿ.

ಉತ್ತರ (ಬಸವನಗುಡಿಯಿಂದ)

ತಾಯಿಯವರು ದಿನ ಹೇಗೆ ಕಳೆಯಬೇಕೆಂದು ಯಾರೂ ಹೇಳಲಿಲ್ಲ. ನೀವಿಬ್ಬರೂ ನಡೆಯುವ ದಿನ ಅವರು ಗೋಕರ್ಣದಲ್ಲಿ ದರ್ಶನ ಮುಗಿಸಿ ವಿಶ್ರಾಂತಿ ಪಡೆಯಲಿ, ಮೂರನೆಯ ದಿನ ಬಾಡಿಗೆ ಕಾರಿನಲ್ಲಿ ಮೂವರೂ ದಕ್ಷಿಣಕ್ಕೆ ಹೋಗಿ. ಮಿರ್ಜಾನ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಹೊನ್ನಾವರದ ಬಳಿಯ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮರದ ಹಲಗೆಯ ಹಾದಿ ಸಮತಟ್ಟಾಗಿರುವುದರಿಂದ ಅವರೂ ನಿಧಾನವಾಗಿ ನಡೆಯಬಹುದು. ಮುರುಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ. ಯಾಣವನ್ನು ಈ ಸಲ ಬಿಡಿ, ಅಲ್ಲಿ ಮೆಟ್ಟಿಲುಗಳಿವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಲ್ಪೆ, ನೇತ್ರಾಣಿ, ಯಾಣ, ಕಾರವಾರ ನಾಲ್ಕನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ದ್ವೀಪದ ಕಂಬಗಳನ್ನು ಬಿಡುವುದಕ್ಕೆ ಮಗನಿಗೆ ಇನ್ನೂ ಮನಸ್ಸಿಲ್ಲ. ಪಂಚಾಂಗ ನೋಡುವ ಕೆಲಸವನ್ನು ತಾಯಿಯವರೇ ವಹಿಸಿಕೊಂಡಿದ್ದಾರೆ. ಒಂದೇ ಅನುಮಾನ: ತದಡಿಯ ಬಾರ್ಜಿಗೆ ಮುಂಗಡ ಬುಕಿಂಗ್ ಬೇಕೇ?

ಉತ್ತರ (ರಾಜಾಜಿನಗರ)

ಬೇಡ. ಅದು ಊರಿನವರು ಬೈಕು, ಮೀನಿನ ಬುಟ್ಟಿಗಳ ಸಮೇತ ಓಡಾಡುವ ದಾಟು. ಚಿಲ್ಲರೆ ಇಟ್ಟುಕೊಂಡಿರಿ, ಕೊನೆಯ ಬಾರ್ಜು ಎಷ್ಟು ಹೊತ್ತಿಗೆ ಎಂದು ಹಿಂದಿನ ಸಂಜೆಯೇ ತದಡಿಯಲ್ಲಿ ವಿಚಾರಿಸಿರಿ.